ಭರತನಾಟ್ಯದ ರುಕ್ಮಿಣಿ ದೇವಿಗೂ ಕೆಮಿಕಲ್ ಕ್ಯಾನಿಗೂ ಏನು ಸಂಬಂಧ?

ಪೀಣ್ಯದ ಕಾರ್ಖಾನೆಗಳಲ್ಲಿ ಕೆಲವು ಕೆಮಿಕಲ್ ಕ್ಯಾನುಗಳ ಮೇಲೆ ಒಂದು ಚಿಹ್ನೆ ಇರುತ್ತದೆ: ಮೇಲಿನಿಂದ ಬೀಳುವ ಹನಿ, ಕೆಳಗೆ ಕೊರೆದುಹೋದ ಕೈ. ಚರ್ಮವನ್ನು ಸುಟ್ಟು ಹಾಳುಮಾಡುವ ವಸ್ತು ಎಂದು ಅದರ ಅರ್ಥ. ಇದು ಮೊದಲೇ ಗೊತ್ತಾಗುವುದು ಹೇಗೆ? ಪ್ರಾಣಿಗಳ ಮೇಲೆ ಪರೀಕ್ಷಿಸದೆ ದಾರಿಯೇ ಇಲ್ಲ ಎಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಆ ನಂಬಿಕೆಯನ್ನು ಭಾರತದ ಸಂಸತ್ತಿನಲ್ಲಿ ಮೊದಮೊದಲು ಪ್ರಶ್ನಿಸಿದವರಲ್ಲಿ ನೃತ್ಯಕ್ಕೆ ಹೆಸರಾದ ರುಕ್ಮಿಣಿ ದೇವಿ ಅರುಂಡೇಲ್ ಒಬ್ಬರು.

ವೇದಿಕೆಯಿಂದ ಸಂಸತ್ತಿಗೆ

ರುಕ್ಮಿಣಿ ದೇವಿ ಹುಟ್ಟಿದ್ದು 1904ರ ಫೆಬ್ರವರಿ 29ರಂದು, ಮದುರೈನಲ್ಲಿ. 1920ರಲ್ಲಿ ಬ್ರಿಟಿಷ್ ಥಿಯಾಸಫಿಸ್ಟ್ ಜಾರ್ಜ್ ಅರುಂಡೇಲ್ ಅವರನ್ನು ಮದುವೆಯಾದಾಗ ಮದ್ರಾಸಿನ ಸಂಪ್ರದಾಯಸ್ಥರು ಸಿಡಿದೆದ್ದರು. ಆಗ ಮುಖ್ಯವಾಗಿ ದೇವದಾಸಿಯರು ಆಡುತ್ತಿದ್ದ ಸದಿರ್ ನೃತ್ಯವನ್ನು ಕಲಿತು 1935ರಲ್ಲಿ ಅಡ್ಯಾರ್‌ನಲ್ಲಿ ಪ್ರದರ್ಶನ ಕೊಟ್ಟಾಗ ಮತ್ತೆ ಗದ್ದಲ. ಮರುವರ್ಷವೇ ಅವರು ಕಲಾಕ್ಷೇತ್ರ ಸಂಸ್ಥೆ ಕಟ್ಟಿದರು.

1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಮತ್ತು ಸಹೋದ್ಯೋಗಿಗಳು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಮೊಲದ ಬೆನ್ನಿನ ಕೂದಲು ಬೋಳಿಸಿ, ರಾಸಾಯನಿಕ ಹಚ್ಚಿ, ಚರ್ಮ ಎಷ್ಟು ಕೆಂಪಾಗುತ್ತದೆ, ಎಷ್ಟು ಊದುತ್ತದೆ ಎಂದು ಅಂಕ ಕೊಡುವುದು ಅದರ ಕ್ರಮ. ಜಗತ್ತಿನ ಲ್ಯಾಬುಗಳಿಗೆ ಅದೇ ಮಾದರಿಯಾಯಿತು.

1952ರಲ್ಲಿ ರುಕ್ಮಿಣಿ ದೇವಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಪ್ರಾಣಿಹಿಂಸೆ ತಡೆಗೆ ಆಗ ಇದ್ದದ್ದು 1890ರ ಬ್ರಿಟಿಷ್ ಕಾಲದ ಕಾಯ್ದೆ. ಅವರು ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಮಸೂದೆ ತರುತ್ತದೆಂದು ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಹಿಂಪಡೆದರು. 1960ರಲ್ಲಿ ಕಾಯ್ದೆ ಬಂತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ.

ಸಿಕ್ಕಿದ್ದು ಅರ್ಧ ಗೆಲುವು

ಈ ಕಾಯ್ದೆ ಪ್ರಾಣಿಗಳ ಮೇಲಿನ ಪ್ರಯೋಗವನ್ನು ನಿಷೇಧಿಸಲಿಲ್ಲ. ಸಾಧ್ಯವಿರುವ ಕಡೆಯೆಲ್ಲ ಅದನ್ನು ತಪ್ಪಿಸಬೇಕು ಎಂದಷ್ಟೇ ಹೇಳಿತು. ದೊಡ್ಡ ಪ್ರಾಣಿಯ ಬದಲು ಆದಷ್ಟೂ ಚಿಕ್ಕದನ್ನು ಬಳಸಿ ಎಂದಿತು. ಆ ಚಿಕ್ಕ ಪ್ರಾಣಿಗಳ ಪಟ್ಟಿಯಲ್ಲಿ ಮೊಲದ ಹೆಸರೂ ಇತ್ತು! ಅಂದರೆ ಡ್ರೇಜ್ ಪರೀಕ್ಷೆಗೆ ಅಡ್ಡಿಯೇನೂ ಆಗಲಿಲ್ಲ. ಆದರೂ 'ಸಾಧ್ಯವಿರುವ ಕಡೆ' ಎಂಬ ಷರತ್ತಿಗೆ ಒಂದು ಗುಣವಿದೆ. ವಿಜ್ಞಾನ ಮುಂದುವರಿದಷ್ಟೂ ಅದರ ವ್ಯಾಪ್ತಿ ತಾನಾಗಿ ಹಿಗ್ಗುತ್ತದೆ.

1977ರಲ್ಲಿ ಮೊರಾರ್ಜಿ ದೇಸಾಯಿ ಅವರು ರಾಷ್ಟ್ರಪತಿ ಹುದ್ದೆಗೆ ಹೆಸರು ಸೂಚಿಸಿದಾಗ ರುಕ್ಮಿಣಿ ದೇವಿ ಒಪ್ಪಲಿಲ್ಲ. 1986ರ ಫೆಬ್ರವರಿ 24ರಂದು ತೀರಿಕೊಂಡರು. ಮೊಲದ ಪರೀಕ್ಷೆಗೆ ಒಪ್ಪಿತ ಬದಲಿ ಬಂದದ್ದನ್ನು ಅವರು ನೋಡಲಿಲ್ಲ.

ಇಂದು ಏನು ಮಾಡುತ್ತಾರೆ?

ದಾನವಾಗಿ ಸಿಕ್ಕ ಮಾನವ ಚರ್ಮದ ಕೋಶಗಳನ್ನು ಲ್ಯಾಬಿನಲ್ಲಿ ಪದರಪದರವಾಗಿ ಬೆಳೆಸುತ್ತಾರೆ. ಅದರ ಮೇಲೆ ರಾಸಾಯನಿಕ ಹಾಕಿ, ನಿಗದಿತ ಹೊತ್ತಿನ ನಂತರ ತೊಳೆಯುತ್ತಾರೆ. ಆಮೇಲೆ ಹಳದಿ ಬಣ್ಣದ ಎಂಟಿಟಿ ದ್ರಾವಣ ಸೇರಿಸಿದರೆ ಬದುಕಿರುವ ಕೋಶಗಳು ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತವೆ. ಉರಿಯೂತದ ಪರೀಕ್ಷೆಯಲ್ಲಿ ಬದುಕುಳಿದ ಕೋಶಗಳು ಶೇ. 50 ಅಥವಾ ಅದಕ್ಕಿಂತ ಕಡಿಮೆಯಾದರೆ ವಸ್ತು ಅಪಾಯಕಾರಿ ಎಂದರ್ಥ. ಒಇಸಿಡಿ ಸಂಸ್ಥೆ ಈ ವಿಧಾನವನ್ನು ಚರ್ಮ ಸುಡುವಿಕೆಯ ಪರೀಕ್ಷೆಗೆ 2004ರಲ್ಲಿ, ಉರಿಯೂತದ ಪರೀಕ್ಷೆಗೆ 2010ರಲ್ಲಿ ಅಂಗೀಕರಿಸಿತು. ಎಷ್ಟೋ ಸಲ ಇದೂ ಬೇಕಿಲ್ಲ. ಪಿಎಚ್ 2 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 11.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವಸ್ತು ಚರ್ಮವನ್ನು ಸುಡುತ್ತದೆಂದೇ ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ಒಂದು ತಪ್ಪು ತಿಳಿವಳಿಕೆ ಇನ್ನೂ ಉಳಿದಿದೆ. 2014ರಲ್ಲಿ ಭಾರತ ಪ್ರಾಣಿಗಳ ಮೇಲಿನ ಪರೀಕ್ಷೆಯನ್ನು ನಿಷೇಧಿಸಿದ್ದು ಸೌಂದರ್ಯವರ್ಧಕಗಳಿಗೆ ಮಾತ್ರ. ನಿಮ್ಮ ಫೇಸ್ ಕ್ರೀಮ್ ಆ ನಿಷೇಧದೊಳಗೆ ಬರುತ್ತದೆ, ಕಾರ್ಖಾನೆಯ ಕೆಮಿಕಲ್ ಕ್ಯಾನು ಬರುವುದಿಲ್ಲ. ಕ್ಯಾನಿನ ವಿಷಯದಲ್ಲಿ ಮೊಲಕ್ಕೆ ಇಂದಿಗೂ ಆಸರೆ 1960ರ ಆ ಷರತ್ತೇ. ಕ್ಯಾನು ಎತ್ತುವ ಕಾರ್ಮಿಕನ ಕೈಯನ್ನೂ ಮೊಲದ ಬೆನ್ನನ್ನೂ ಒಟ್ಟಿಗೆ ಉಳಿಸುವ ಪರೀಕ್ಷೆ ಈಗ ಇದೆ. ಅದನ್ನು ಎಲ್ಲ ಕಡೆ ಬಳಸುವುದಷ್ಟೇ ಬಾಕಿ.