ಉತ್ತರದ ಬೆಳಕಿನ ಬೆನ್ನು ಹತ್ತಿದ ಬಿರ್ಕೆಲ್ಯಾಂಡ್

ಮಾಗಿಯ ಚಳಿಗೆ ಕಂಬಳಿ ಹೊದ್ದು ಒಲೆಯ ಮುಂದೆ ಕೂರುವ ನಮಗೆ, ಅದೇ ಕಾಲವನ್ನು ಆರಿಸಿ ಹಿಮದ ನಾಡಿಗೆ ಹೊರಟವನ ಕಥೆ ವಿಚಿತ್ರವಾಗಿ ತೋರೀತು. ಆದರೆ ಕ್ರಿಸ್ಟಿಯನ್ ಬಿರ್ಕೆಲ್ಯಾಂಡನಿಗೆ ಬೇರೆ ದಾರಿಯಿರಲಿಲ್ಲ. ಧ್ರುವಪ್ರದೇಶದ ಆಕಾಶದಲ್ಲಿ ಹಸಿರು ಪರದೆಯಂತೆ ಅಲುಗಾಡುವ ಉತ್ತರದ ಬೆಳಕು ಕಾಣುವುದು ಕತ್ತಲೆಯಲ್ಲಿ. ಅಲ್ಲಿ ನಡುಬೇಸಿಗೆಯಲ್ಲಿ ರಾತ್ರಿಯೇ ಇಲ್ಲ!

ಬಿರ್ಕೆಲ್ಯಾಂಡನು 1867ರ ಡಿಸೆಂಬರ್ 13ರಂದು ನಾರ್ವೆಯ ರಾಜಧಾನಿಯಲ್ಲಿ, ಎಂದರೆ ಇಂದಿನ ಓಸ್ಲೋ ನಗರದಲ್ಲಿ ಜನಿಸಿದನು. 1898ರಲ್ಲಿ ಅಲ್ಲಿಯೇ ಪ್ರಾಧ್ಯಾಪಕನಾದನು. ಸೂರ್ಯನಿಂದ ಹೊರಟ ವಿದ್ಯುತ್ ಕಣಗಳನ್ನು ಭೂಮಿಯ ಕಾಂತಶಕ್ತಿಯು ಧ್ರುವಗಳತ್ತ ಸೆಳೆಯುತ್ತದೆ, ಅವು ಮೇಲಿನ ಗಾಳಿಗೆ ತಾಗಿ ಬೆಳಕಾಗುತ್ತದೆ ಎಂಬುದು ಅವನ ಊಹೆ. ಊಹೆಗೆ ಸಾಕ್ಷಿ ಬೇಕಲ್ಲವೆ?

ಮೊದಮೊದಲಿನ ಒಂದು ಪ್ರಯಾಣದಲ್ಲಿಯೇ ಸಂಗಡ ಹೋದ ವೈದ್ಯ ವಿದ್ಯಾರ್ಥಿ ಹೆಲ್ಲಾಂಡ್ ಹಾನ್ಸೆನ್ನನ ಬೆರಳುಗಳು ಹಿಮದಿಂದ ಸತ್ತುಹೋದವು. ಅವನು ವೈದ್ಯಶಿಕ್ಷಣವನ್ನು ಬಿಟ್ಟು ಮುಂದೆ ಸಮುದ್ರವಿಜ್ಞಾನಿಯಾದನು. ಬಿರ್ಕೆಲ್ಯಾಂಡನು ಹಿಂಜರಿಯಲಿಲ್ಲ. 1899ರಲ್ಲಿ ಉತ್ತರ ನಾರ್ವೆಯ ಆಲ್ಟಾ ಬಳಿ, ಸುಮಾರು 900 ಮೀಟರ್ ಎತ್ತರದ ಹಾಲ್ಡೆ ಬೆಟ್ಟದ ತುದಿಯಲ್ಲಿ ಕಲ್ಲಿನ ಮನೆ ಕಟ್ಟಿಸಿ ಚಳಿಗಾಲವನ್ನು ಕಳೆಯಲು ನಿಂತನು. ಆ ಸೀಮೆಯಲ್ಲಿ ಸುಮಾರು ಎರಡು ತಿಂಗಳು ಸೂರ್ಯನ ಮುಖವೇ ಕಾಣದು. ಹೊರಗೆ ಬಿರುಗಾಳಿ, ಒಳಗೆ ಕಾಂತಸೂಚಿಗಳ ಮುಂದೆ ಕಾವಲು. ಆಕಾಶದಲ್ಲಿ ಬೆಳಕು ಕುಣಿದಾಗ ಒಳಗಿನ ಸೂಚಿಯೂ ಕದಲುತ್ತಿತ್ತು. ಅಲ್ಲಿ ಮೇಲೆ ವಿದ್ಯುತ್ತು ಹರಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ಆ ಚಳಿಗಾಲವೇ ತಂಡದ ತರುಣ ಎಲಿಸಾರ್ ಬೋಯೆ ಹಿಮಕುಸಿತಕ್ಕೆ ಸಿಕ್ಕಿ ಮಡಿದನು. ಗುರುವಿನ ಹಠಕ್ಕೆ ಜೊತೆಗಾರರು ತೆತ್ತ ಬೆಲೆ ಹೆಚ್ಚಾಯಿತೆಂದೇ ನಮಗನ್ನಿಸುತ್ತದೆ.

ಮುಂದೆ ಅವನು ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ ಕಾಂತಗೋಲವೊಂದನ್ನಿಟ್ಟು, ಅದರ ಧ್ರುವಗಳ ಸುತ್ತ ಪುಟ್ಟ ಬೆಳಕಿನ ಬಳೆಗಳನ್ನು ಮೂಡಿಸಿ ತೋರಿಸಿದನು. ಗಾಳಿಯ ಸಾರಜನಕದಿಂದ ಗೊಬ್ಬರ ತಯಾರಿಸುವ ವಿಧಾನವನ್ನು ಸ್ಯಾಮ್ ಐಡೆಯೊಡನೆ ಕಂಡುಹಿಡಿದವನೂ ಇವನೇ. ಆದರೂ ಸಿಡ್ನಿ ಚಾಪ್‌ಮನ್‌ನಂಥ ಹಿರಿಯ ವಿಜ್ಞಾನಿಗಳು ಅವನ ಆಕಾಶವಿದ್ಯುತ್ತಿನ ಮಾತನ್ನು ಬಹುಕಾಲ ಒಪ್ಪಲಿಲ್ಲ. ನಿದ್ರೆ ಬಾರದೆ ಔಷಧಿಗೆ ದಾಸನಾಗಿದ್ದ ಬಿರ್ಕೆಲ್ಯಾಂಡನು 1917ರ ಜೂನ್ 15ರಂದು, ಮನೆಯಿಂದ ದೂರ, ಟೋಕಿಯೋದ ಹೋಟೆಲೊಂದರಲ್ಲಿ ತೀರಿಕೊಂಡನು. ಆಗ ವಯಸ್ಸು 49.

1960 ಮತ್ತು 70ರ ದಶಕಗಳಲ್ಲಿ ಉಪಗ್ರಹಗಳು ಮೇಲೇರಿ ಅಳೆದಾಗ ಆ ವಿದ್ಯುತ್ಪ್ರವಾಹ ಅಲ್ಲಿಯೇ ಇತ್ತು. ಇಂದು ಅದಕ್ಕೆ ಅವನದೇ ಹೆಸರು. 2024ರ ಮೇ ತಿಂಗಳಲ್ಲಿ ಪ್ರಬಲ ಸೌರಬಿರುಗಾಳಿ ಎದ್ದಾಗ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪೇರಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹಾನ್ಲೆಯಲ್ಲಿಟ್ಟಿದ್ದ ಕ್ಯಾಮರಾಗಳು ಅದನ್ನು ರಾತ್ರಿಯೆಲ್ಲ ಹಿಡಿದವು.