ಚಿನ್ನಸ್ವಾಮಿ ಕೂತ ಕುರ್ಚಿಗಳು

ಕೆಂಗೇರಿ, ವಿಜಯನಗರದ ಕಡೆಯಿಂದ ನೇರಳೆ ಮೆಟ್ರೊ ಹತ್ತಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಮ್ಯಾಚಿಗೆ ಹೋಗುವ ನಮ್ಮ ಭಾಗದ ಹುಡುಗರಲ್ಲಿ ಎಷ್ಟೋ ಜನ ಚಿನ್ನಸ್ವಾಮಿ ಅಂದ್ರೆ ಹಳೇ ಕಾಲದ ಯಾರೋ ಬ್ಯಾಟ್ಸ್‌ಮನ್ ಅಂದುಕೊಂಡಿದ್ದಾರೆ. ಅಲ್ಲ. 1900ರಲ್ಲಿ ಹುಟ್ಟಿದ ಎಂ. ಚಿನ್ನಸ್ವಾಮಿ ಮಂಡ್ಯ ಕಡೆಯ ವಕೀಲರು. ಹೆಸರು ಮಾಡಿದ್ದು ಪಿಚ್ಚಿನ ಮೇಲಲ್ಲ, ಸಭೆಗಳಲ್ಲಿ. ಕ್ರಿಕೆಟ್ಟನ್ನು ಆಳುವವರನ್ನು ಯಾರು ಆರಿಸುತ್ತಾರೆ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಅವರ ಬದುಕು ನೆನಪಾಗುತ್ತದೆ.

ರಾಜಾಜಿನಗರದ ಒಂದು ಕ್ಲಬ್ಬು ರಾಜ್ಯ ಸಂಸ್ಥೆಯ ಸದಸ್ಯನಾಗಿದ್ದರೆ ಅದಕ್ಕೆ ಮತ ಉಂಟು. ಅಂಥ ಕ್ಲಬ್ಬುಗಳು, ಆಜೀವ ಸದಸ್ಯರು ಸೇರಿ ರಾಜ್ಯದ ಪದಾಧಿಕಾರಿಗಳನ್ನು ಆರಿಸುತ್ತಾರೆ. ರಾಜ್ಯ ಸಂಸ್ಥೆಗಳು ಬಿಸಿಸಿಐ ಪದಾಧಿಕಾರಿಗಳನ್ನು ಆರಿಸುತ್ತವೆ. ಬಿಸಿಸಿಐ ತನ್ನ ಪ್ರತಿನಿಧಿಯನ್ನು ಐಸಿಸಿಗೆ ಕಳಿಸುತ್ತದೆ. ಟಿಕೆಟ್ ಕೊಂಡು ಗಂಟಲು ಹರಿಯುವಂತೆ ಕೂಗುವ ನನ್ನಂಥವರಿಗೆ ಎಲ್ಲೂ ಮತ ಇಲ್ಲ ಬಿಡಿ.

ಈ ಮೆಟ್ಟಿಲುಗಳನ್ನು ಚಿನ್ನಸ್ವಾಮಿ ಒಂದೊಂದಾಗಿ ಹತ್ತಿದರು. 1953ರಿಂದ 1978ರವರೆಗೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿ, ಆಮೇಲೆ 1990ರವರೆಗೆ ಅಧ್ಯಕ್ಷ. ಮಧ್ಯೆ 1960ರಿಂದ ಐದು ವರ್ಷ ಬಿಸಿಸಿಐ ಕಾರ್ಯದರ್ಶಿ, 1977ರಿಂದ 80ರವರೆಗೆ ಅದರ ಅಧ್ಯಕ್ಷ. ಕಾರ್ಯದರ್ಶಿಯಾಗಿದ್ದಾಗ ಅವರು ಬೆನ್ನುಹತ್ತಿ ಕಟ್ಟಿಸಿದ ಕ್ರೀಡಾಂಗಣದಲ್ಲಿ 1974ರ ನವೆಂಬರ್‌ನಲ್ಲಿ ಮೊದಲ ಟೆಸ್ಟ್ ನಡೆಯಿತು. ಎದುರಾಳಿ ವೆಸ್ಟ್ ಇಂಡೀಸ್. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್.

ಭಾರತದ ಪರವಾಗಿ ಅವರು ಲಂಡನ್ನಿನ ಐಸಿಸಿ ಸಭೆಗಳಿಗೂ ಹೋದರು. ಅಲ್ಲಿಯ ವ್ಯವಸ್ಥೆ ನೋಡಿ. 1909ರಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಕಟ್ಟಿಕೊಂಡ ಕೂಟಕ್ಕೆ ಭಾರತ ಸೇರಿದ್ದು 1926ರಲ್ಲಿ. ಹೆಸರಿನಲ್ಲಿದ್ದ 'ಇಂಪೀರಿಯಲ್' ಹೋಗಿ 'ಇಂಟರ್‌ನ್ಯಾಷನಲ್' ಬಂದದ್ದು 1965ರಲ್ಲಿ. ಹೆಸರು ಬದಲಾಯಿತು, ಅಧ್ಯಕ್ಷತೆ ಬದಲಾಗಲಿಲ್ಲ. ಲಾರ್ಡ್ಸ್‌ನ ಎಂಸಿಸಿ ಎಂಬ ಖಾಸಗಿ ಕ್ಲಬ್ಬಿನ ಅಧ್ಯಕ್ಷರೇ ತಾನಾಗಿ ವಿಶ್ವ ಕ್ರಿಕೆಟ್ಟಿನ ಅಧ್ಯಕ್ಷರೂ ಆಗುತ್ತಿದ್ದರು. ಆ ಕ್ಲಬ್ಬಿನ ಅಧ್ಯಕ್ಷರನ್ನು ಹೆಸರಿಸುತ್ತಿದ್ದವರು ನಿರ್ಗಮಿಸುವ ಅಧ್ಯಕ್ಷರು. ಸಾಲದ್ದಕ್ಕೆ ಇಂಗ್ಲೆಂಡ್, ಆಸ್ಟ್ರೇಲಿಯಾಕ್ಕೆ ವೀಟೊ ಬೇರೆ. ನಮ್ಮಲ್ಲಿ ಮತ ಕೇಳಿ ಗೆದ್ದು ಹೋದವರು ಅಲ್ಲಿ ಮತವೇ ಕೇಳದವರ ಮುಂದೆ ಕೂರಬೇಕಿತ್ತು.

1977ರಲ್ಲಿ ಪ್ಯಾಕರ್ ಗಲಾಟೆ ಎದ್ದಾಗ ಚಿನ್ನಸ್ವಾಮಿ ಬಿಸಿಸಿಐ ಮುಖ್ಯಸ್ಥರಾದರು. ಪ್ಯಾಕರ್ ಜತೆ ಹೋದ ಆಟಗಾರರಿಗೆ ಐಸಿಸಿ ಹೇರಹೊರಟ ನಿಷೇಧವನ್ನು ಲಂಡನ್ನಿನ ಹೈಕೋರ್ಟ್ ಒಪ್ಪಲಿಲ್ಲ. ಆದರೂ ಅದೇ ಬೇಸಿಗೆಯಲ್ಲಿ ಭಾರತ ತಂಡ ಆಸ್ಟ್ರೇಲಿಯಾಕ್ಕೆ ಹೋಗಿ ಅಧಿಕೃತ ಸರಣಿಯ ಐದು ಟೆಸ್ಟ್ ಆಡಿತು, 3–2ರಲ್ಲಿ ಸೋತಿತು.

ನನ್ನ ತಕರಾರು ಇರುವುದು ಅವರ ಪ್ರಾಮಾಣಿಕತೆಯ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ. ರಾಜ್ಯ ಸಂಸ್ಥೆಯ ಎರಡೇ ಕುರ್ಚಿಗಳಲ್ಲಿ ಒಬ್ಬರೇ 37 ವರ್ಷ! ಲೋಧಾ ಸಮಿತಿಯ ಶಿಫಾರಸನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಿದಾಗ 70 ದಾಟಿದವರು ಪದಾಧಿಕಾರಿ ಆಗುವಂತಿಲ್ಲ ಎಂದಾಯಿತು. ಆ ನಿಯಮ ಆಗಲೇ ಇದ್ದಿದ್ದರೆ 77ರ ಚಿನ್ನಸ್ವಾಮಿ ಬಿಸಿಸಿಐ ಅಧ್ಯಕ್ಷರಾಗುತ್ತಲೇ ಇರಲಿಲ್ಲ. ನಷ್ಟವಾಗುತ್ತಿತ್ತು, ಒಪ್ಪುತ್ತೇನೆ. ಆದರೆ ಅವರಂಥವರು ಕೂತ ಕುರ್ಚಿಯಲ್ಲೇ ಇನ್ಯಾರೋ ಬಂದು ಏಳದೆ ಕೂತಾಗ ತಡೆಯುವುದಾದರೂ ಹೇಗೆ? ಹಾಗಾಗಿ ನಾನು ನಿಯಮದ ಕಡೆ.

ಎಂಸಿಸಿಯ ಅಧ್ಯಕ್ಷ ಪಟ್ಟ 1989ರಲ್ಲಿ ಕೊನೆಗೊಂಡಿತು. ಚಿನ್ನಸ್ವಾಮಿ 1991ರ ನವೆಂಬರ್ 8ರಂದು ತೀರಿಕೊಂಡರು. ಇಂಗ್ಲೆಂಡ್, ಆಸ್ಟ್ರೇಲಿಯಾಗಳ ವೀಟೊ ರದ್ದಾದದ್ದು ಅದಾಗಿ ಎರಡು ವರ್ಷಕ್ಕೆ, 1993ರಲ್ಲಿ.