ಡಾಕ್ಟರ್ ಆಗಲು ಹೊರಟ ಹ್ಯಾಸ್ಕೆಲ್ ಕರಿ

ಕಂಪ್ಯೂಟರ್ ಲ್ಯಾಬಿನಲ್ಲಿ ನಾವು ಅತಿ ಹೆಚ್ಚು ಬೈಯುವುದು ಎರರ್ ಸಂದೇಶಗಳನ್ನು. ಅವುಗಳ ಹಿಂದಿನ ವಿಚಾರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರನ್ನು ಪರಿಚಯಿಸಲು ಈ ಲೇಖನ ಬರೆಯುತ್ತಿದ್ದೇನೆ. ಅವರು ಅಮೆರಿಕದ ಗಣಿತಜ್ಞ ಹ್ಯಾಸ್ಕೆಲ್ ಬ್ರೂಕ್ಸ್ ಕರಿ.

ಕರಿ ಹುಟ್ಟಿದ್ದು 1900ರ ಸೆಪ್ಟೆಂಬರ್ 12ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಮಿಲಿಸ್ ಎಂಬ ಊರಿನಲ್ಲಿ. ತಂದೆ ತಾಯಿ ಬಾಸ್ಟನ್ನಿನಲ್ಲಿ ಭಾಷಣಕಲೆ ಕಲಿಸುವ ಶಾಲೆ ನಡೆಸುತ್ತಿದ್ದರು. 1916ರಲ್ಲಿ ಹಾರ್ವರ್ಡ್ ಸೇರಿದಾಗ ಕರಿಯವರಿಗೆ ಡಾಕ್ಟರ್ ಆಗುವ ಆಸೆ. ಆದರೆ 1920ರಲ್ಲಿ ಪದವಿ ಪಡೆದದ್ದು ಗಣಿತದಲ್ಲಿ. ಆಮೇಲೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ ಬಿಟ್ಟರು. 1924ರಲ್ಲಿ ಭೌತಶಾಸ್ತ್ರದಲ್ಲಿ ಎಂ.ಎ. ಪಡೆದು, ಮತ್ತೆ ಗಣಿತಕ್ಕೇ ಮರಳಿದರು. ಪಿಯುಸಿ ಮುಗಿಯುವಷ್ಟರಲ್ಲಿ ಬದುಕಿನ ದಾರಿಯೆಲ್ಲ ತೀರ್ಮಾನವಾಗಬೇಕು ಎಂದು ಹೆದರುವ ನಮಗೆ ಇದು ನೆನಪಿರಲಿ.

ಸೂತ್ರದಲ್ಲಿ ಒಂದು ಅಕ್ಷರದ ಬದಲು ಇನ್ನೊಂದನ್ನು ಇಡುವುದು ನಮಗೆ ಸುಲಭದ ಕೆಲಸ. ಅದು ಕಾಣುವಷ್ಟು ಸರಳವಲ್ಲ ಎಂದು ಕರಿಯವರಿಗೆ ಅನ್ನಿಸಿತು. ಆ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಜರ್ಮನಿಯ ಗೊಟಿಂಗೆನ್‌ಗೆ ಹೋದರು. 1930ರಲ್ಲಿ ಡಾಕ್ಟರೇಟ್ ಪಡೆದರು. 1929ರಿಂದ 1966ರವರೆಗೆ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜಿನಲ್ಲಿ ಪಾಠ ಹೇಳಿದರು. 1946ರಲ್ಲಿ ಎನಿಯಾಕ್ ಎಂಬ ಆರಂಭಕಾಲದ ಕಂಪ್ಯೂಟರಿನ ಮೇಲೂ ಕೆಲಸ ಮಾಡಿದರು.

ಕಂಪ್ಯೂಟರುಗಳು ಬರುವ ಮೊದಲೇ, 1934ರಲ್ಲಿ, ಅವರು ಒಂದು ವಿಚಾರ ಮುಂದಿಟ್ಟರು: ಪ್ರತಿ ಫಂಕ್ಷನ್ನಿಗೂ ಒಂದು ಟೈಪ್ ಇದೆ, ಅಂದರೆ ಯಾವ ಜಾತಿಯ ವಸ್ತುವನ್ನು ಕೊಟ್ಟರೆ ಯಾವ ಜಾತಿಯದು ಹೊರಬರುತ್ತದೆ ಎಂಬ ನಿಯಮ. ನಮ್ಮ ಕಡೆಯ ಉದಾಹರಣೆ ಹೇಳುತ್ತೇನೆ. ಚನ್ನಗಿರಿಯ ಅಡಿಕೆಯ ತೂಕಕ್ಕೆ ನ್ಯಾಮತಿಯ ಅಡಿಕೆಯ ತೂಕ ಕೂಡಿಸಬಹುದು. ಅದಕ್ಕೆ ಹೊನ್ನಾಳಿ ಎಂಬ ಹೆಸರನ್ನೋ ಜಗಳೂರಿಗೆ ಇರುವ ದೂರವನ್ನೋ ಕೂಡಿಸಲಾಗದು. ನಾವು ಬರೆಯುವ ಪೈಥಾನ್‌ನಲ್ಲಿ ಸಂಖ್ಯೆಗೆ ಹೆಸರನ್ನು ಕೂಡಿಸಿದರೆ, ಆ ಸಾಲು ಓಡುವಾಗ ಮಾತ್ರ ತಪ್ಪು ಗೊತ್ತಾಗುತ್ತದೆ. ಕಂಪೈಲ್ ಹಂತದಲ್ಲೇ ಟೈಪ್ ನೋಡುವ ಭಾಷೆಗಳಲ್ಲಿ ಪ್ರೋಗ್ರಾಂ ಓಡುವ ಮೊದಲೇ ತಡೆ ಬೀಳುತ್ತದೆ. ಆಸ್ಪತ್ರೆಯ ಯಂತ್ರವಾಗಲಿ ಬ್ಯಾಂಕಿನ ಲೆಕ್ಕವಾಗಲಿ, ತಪ್ಪು ಮೊದಲೇ ಸಿಕ್ಕರೆ ಎಷ್ಟೋ ಅನಾಹುತ ತಪ್ಪುತ್ತದೆ.

ಕರಿ 1982ರ ಸೆಪ್ಟೆಂಬರ್ 1ರಂದು ತೀರಿಕೊಂಡರು. 1990ರಲ್ಲಿ ಹೊರಬಂದ ಹೊಸ ಭಾಷೆಗೆ ಹ್ಯಾಸ್ಕೆಲ್ ಎಂದು ಅವರ ಹೆಸರನ್ನೇ ಇಟ್ಟರು. ಅವರ ಪತ್ನಿ ವರ್ಜೀನಿಯಾ ಸಂತೋಷದಿಂದ ಒಪ್ಪಿ, ಕೊನೆಗೆ ತನ್ನ ಗಂಡನಿಗೆ ಆ ಹೆಸರು ಎಂದೂ ಇಷ್ಟವಿರಲಿಲ್ಲ ಎಂದು ತಿಳಿಸಿದರಂತೆ!

ಆ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಉದ್ದ ಹೇಳುವ ಲೆಂತ್ ಎಂಬ ಫಂಕ್ಷನ್ ಇದೆ. ಪಟ್ಟಿಯ ಬದಲು ಬರೀ ಸಂಖ್ಯೆ ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಆದರೆ ಎರಡು ಸಂಖ್ಯೆಗಳ ಜೋಡಿ ಕೊಟ್ಟರೆ ಈಗಿನ ಆವೃತ್ತಿಗಳು ಒಪ್ಪಿಕೊಂಡು, ಉತ್ತರ 1 ಎನ್ನುತ್ತವೆ. ಎರಡು ಬರುತ್ತದೆ ಎಂದುಕೊಂಡವರಿಗೆ ಯಾವ ಎರರ್ ಕೂಡ ಎಚ್ಚರಿಕೆ ಕೊಡುವುದಿಲ್ಲ. ಅಂದರೆ ಟೈಪ್ ಸರಿಯಿದ್ದರೂ ಲೆಕ್ಕ ನಾವು ಬಯಸಿದ್ದೇ ಆಗಿರಬೇಕೆಂದಿಲ್ಲ. ಆರು ಕ್ವಿಂಟಲ್ ಬದಲು ಅರವತ್ತು ಎಂದು ಬರೆದರೆ ಯಾವ ಕಂಪೈಲರೂ ಹಿಡಿಯಲಾರದು.

ಆದ್ದರಿಂದ ಎರರ್ ಬಂದಾಗ ಬೇಸರಪಡದೆ ಅದರ ಪ್ರತಿ ಪದವನ್ನೂ ಓದೋಣ. ಎರರ್ ಬರದಿದ್ದಾಗ, ಉತ್ತರವನ್ನು ಇನ್ನೊಮ್ಮೆ ನೋಡೋಣ.